ಬುಶಿಂಗ್ ಬದಲಿಸುವ ಮೊದಲು ಹಿತ್ತಾಳೆಯ ಹದ ನೋಡಿ

ಪ್ರಶ್ನೆ: .308 ವಿಂಚೆಸ್ಟರ್ ಬೋಲ್ಟ್ ರೈಫಲ್‌ಗೆ ನಾನೇ ಕಾರ್ಟ್ರಿಜ್ ತುಂಬಿಕೊಳ್ಳುತ್ತೇನೆ. ಒಂದೇ ಕಂಪನಿಯ, ಒಂದೇ ಲಾಟ್‌ನ ನೂರು ಕೇಸ್‌ಗಳು (ಪೌಡರ್ ತುಂಬುವ ಹಿತ್ತಾಳೆಯ ಕೋಶಗಳು), ಈಗ ಆರನೇ ಸಲ ತುಂಬುತ್ತಿದ್ದೇನೆ. ಮೊದಲ ಎರಡು ಮೂರು ಸಲ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಹತ್ತು ಗುಂಡುಗಳ ವೇಗದ ಅಂತರ ಸೆಕೆಂಡಿಗೆ 25 ಅಡಿಯೊಳಗೆ ಇರುತ್ತಿತ್ತು. ಈಗ 50 ದಾಟಿದೆ. ಬುಲೆಟ್ ಕೂರಿಸುವಾಗ ಒಂದು ಸಲೀಸಾಗಿ ಇಳಿಯುತ್ತದೆ, ಇನ್ನೊಂದಕ್ಕೆ ಪ್ರೆಸ್‌ನ ಹಿಡಿಕೆಯನ್ನು ಬಲವಾಗಿ ಒತ್ತಬೇಕು. ನೆಕ್ ಟೆನ್ಶನ್ (ಕೇಸ್‌ನ ಕುತ್ತಿಗೆ ಬುಲೆಟ್ಟನ್ನು ಹಿಡಿಯುವ ಬಿಗಿ) ಸಾಲದು ಅಂತ ಗೆಳೆಯರೊಬ್ಬರು ಹೇಳಿದರು. ಅದಕ್ಕೆ ನೆಕ್ಕನ್ನು ಹೊರಗಿನಿಂದ ಕುಗ್ಗಿಸುವ ಉಂಗುರವನ್ನು, ಅಂದರೆ ಬುಶಿಂಗನ್ನು, .335 ಇಂಚಿನದು ತೆಗೆದು .333 ಹಾಕಿದೆ. ಏನೂ ಸರಿಹೋಗಲಿಲ್ಲ. ಸರಿಯಾದ ನೆಕ್ ಟೆನ್ಶನ್ ಅಂದರೆ ಎಷ್ಟು? ಹೀಗೆ ತುಂಬಿದ ನಲವತ್ತು ಕಾರ್ಟ್ರಿಜ್ ಉಳಿದಿವೆ, ಅವನ್ನೇನು ಮಾಡಲಿ? (ಅಂದಹಾಗೆ, ಈಚೆಗೆ ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆಯುವ ಟಂಬ್ಲರ್ ತಂದಿದ್ದೇನೆ. ಕೇಸ್‌ಗಳು ಒಳಗೂ ಹೊರಗೂ ಹೊಸದರಂತೆ ಹೊಳೆಯುತ್ತವೆ.)

ಉತ್ತರ: ನಿಮ್ಮ ಉತ್ತರದ ಅರ್ಧ ಭಾಗ ಆ ಕೊನೆಯ ಬ್ರಾಕೆಟ್ಟಿನಲ್ಲೇ ಇದೆ. ಇನ್ನರ್ಧ "ಆರನೇ ಸಲ" ಅನ್ನುವ ಎರಡು ಪದಗಳಲ್ಲಿದೆ. ಬುಶಿಂಗ್‌ದು ತಪ್ಪಿಲ್ಲ. .335 ಇದ್ದಾಗಲೂ ಇರಲಿಲ್ಲ, .333 ಹಾಕಿದಾಗ ಸರಿಹೋಗದೆ ಇದ್ದದ್ದೂ ಅದಕ್ಕೇ.

ಮೊದಲು ಲೆಕ್ಕ ನೋಡೋಣ. ಬುಲೆಟ್‌ನ ವ್ಯಾಸ .308 ಇಂಚು. ನೀವು .335 ಬಳಸುತ್ತಿದ್ದಿರಿ ಅಂದರೆ ನಿಮ್ಮ ಕೇಸ್‌ನ ನೆಕ್ ಗೋಡೆ ಸುಮಾರು .0145 ಇಂಚು ದಪ್ಪ ಇರಬೇಕು. ಎರಡೂ ಕಡೆಯ ಗೋಡೆ ಸೇರಿ .029, ಅದಕ್ಕೆ ಬುಲೆಟ್ ಸೇರಿಸಿದರೆ ತುಂಬಿದ ಕಾರ್ಟ್ರಿಜ್‌ನ ನೆಕ್ ಹೊರಗಿನಿಂದ .337. ಅದರಲ್ಲಿ ಎರಡು ಥೌ ಕಳೆದು .335 ಬುಶಿಂಗ್. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು, 0.025 ಮಿಲಿಮೀಟರ್. ಈ "ಎರಡು ಥೌ"ವನ್ನೇ ಎಲ್ಲರೂ ನೆಕ್ ಟೆನ್ಶನ್ ಅಂತ ಕರೆಯುತ್ತಾರೆ. ಆದರೆ ಅದು ಟೆನ್ಶನ್ ಅಲ್ಲ, ಬರೀ ಅಳತೆಯ ವ್ಯತ್ಯಾಸ. ಬುಲೆಟ್ ದಪ್ಪ, ತೂತು ಸಣ್ಣ, ಎರಡರ ನಡುವೆ ಇಷ್ಟು ಅಂತರ ಅಂತ ಮಾತ್ರ ಅದು ಹೇಳುತ್ತದೆ. ನೆಕ್ ಬುಲೆಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನುವುದು ಬೇರೆಯೇ ಮಾತು. ಅದಕ್ಕೆ ನಾನು ಹಿಡಿತ ಅನ್ನುತ್ತೇನೆ.

ಈ ಎರಡೂ ಒಂದೇ ಅಲ್ಲ ಅನ್ನುವುದನ್ನು ನೀವೇ ಕಣ್ಣಾರೆ ನೋಡಬಹುದು, ಹತ್ತು ನಿಮಿಷದ ಕೆಲಸ. ಪ್ರೈಮರ್ ಇಲ್ಲದ, ಪೌಡರ್ ಇಲ್ಲದ ಒಂದು ಖಾಲಿ ಕೇಸ್ ತೆಗೆದುಕೊಳ್ಳಿ. .333 ಬುಶಿಂಗ್‌ನಲ್ಲಿ ಸೈಜ್ ಮಾಡಿ, ಅಂದರೆ ನೆಕ್ಕನ್ನು ಕುಗ್ಗಿಸಿ. ನೆಕ್ಕಿನ ಹೊರವ್ಯಾಸ ಅಳೆದು ಬರೆದಿಡಿ. ಬುಲೆಟ್ ಕೂರಿಸಿ, ಮತ್ತೆ ಅಳೆಯಿರಿ. ಆಮೇಲೆ ಬುಲೆಟ್ ಎಳೆದು ತೆಗೆದು ಮೂರನೇ ಸಲ ಅಳೆಯಿರಿ. ನೆಕ್ ಮೊದಲಿನ ಅಳತೆಗೆ ವಾಪಸ್ ಬರುವುದಿಲ್ಲ. ಬುಲೆಟ್ ಇದ್ದಾಗಿನ ಅಳತೆಗಿಂತ ಒಂದು ಥೌ, ಹೆಚ್ಚೆಂದರೆ ಒಂದೂವರೆ ಥೌ ಮಾತ್ರ ಕುಗ್ಗಿರುತ್ತದೆ. ನೀವು ಕೊಟ್ಟದ್ದು ಹೆಚ್ಚುಕಮ್ಮಿ ನಾಲ್ಕು ಥೌ. ಉಳಿದದ್ದು ಎಲ್ಲಿ ಹೋಯಿತು? ಬುಲೆಟ್ ಒಳಗೆ ಇಳಿಯುವಾಗ ತನ್ನ ದಾರಿಯನ್ನು ತಾನೇ ಅಗಲ ಮಾಡಿಕೊಂಡಿತು. ಆ ಹಿತ್ತಾಳೆ ಹಿಗ್ಗಿದ್ದು ಹಿಗ್ಗಿದ್ದೇ, ಅದು ಮತ್ತೆ ಹಿಂದಕ್ಕೆ ಬಂದು ಹಿಡಿಯುವುದಿಲ್ಲ.

ಯಾಕೆ ಹೀಗೆ ಅನ್ನುವುದಕ್ಕೆ ಲೋಹದ ಗುಣವೇ ಕಾರಣ. ಕೇಸ್‌ಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಅದನ್ನು ಸ್ವಲ್ಪ ಎಳೆದು ಬಿಟ್ಟರೆ ರಬ್ಬರಿನಂತೆ ಮೊದಲಿನ ಜಾಗಕ್ಕೆ ಬರುತ್ತದೆ. ಆ ಮಿತಿ ದಾಟಿದರೆ ಬರುವುದಿಲ್ಲ. ಗಟ್ಟಿಯಾದ ಹಿತ್ತಾಳೆಗೆ ಆ ಮಿತಿ ನೂರಕ್ಕೆ ಸುಮಾರು 0.3ರಿಂದ 0.4 ಪಾಲು. .308 ಇಂಚಿನ ತೂತಿಗೆ ಈ ಲೆಕ್ಕ ಹಾಕಿದರೆ ಒಂದು ಥೌಗೆ ಸ್ವಲ್ಪ ಹೆಚ್ಚುಕಮ್ಮಿ, ಅಷ್ಟೇ. ಚೆನ್ನಾಗಿ ಕಾಯಿಸಿ ಮೆದುವಾದ ಹಿತ್ತಾಳೆಗೆ ಇನ್ನೂ ಕಮ್ಮಿ. ಅಂದರೆ ಮೊದಲ ಒಂದೆರಡು ಥೌ ದಾಟಿದ ಮೇಲೆ ನೀವು ಬುಶಿಂಗ್ ಎಷ್ಟು ಸಣ್ಣದು ಮಾಡಿದರೂ ಹಿಡಿತ ಅದಕ್ಕೆ ತಕ್ಕಂತೆ ಏರುವುದಿಲ್ಲ. ಬುಲೆಟ್ ಕೂರಿಸಲು ಜಾಸ್ತಿ ಒತ್ತಬೇಕಾಗುತ್ತದೆ, ಹಿತ್ತಾಳೆ ಜಾಸ್ತಿ ದಣಿಯುತ್ತದೆ, ಬುಲೆಟ್ ಓರೆಯಾಗಿ ಕೂರುವ ಸಾಧ್ಯತೆಯೂ ಹೆಚ್ಚುತ್ತದೆ. ಆದರೆ ಹಿಡಿತ ಮಾತ್ರ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ.

ಹಾಗಾದರೆ ಹಿಡಿತವನ್ನು ತೀರ್ಮಾನಿಸುವುದು ಯಾವುದು? ಹಿತ್ತಾಳೆ ಎಷ್ಟು ಗಟ್ಟಿ ಇದೆ, ಗೋಡೆ ಎಷ್ಟು ದಪ್ಪ ಇದೆ, ನೆಕ್ಕಿನ ಒಳಮೈ ಎಷ್ಟು ಜಾರುತ್ತದೆ, ಬುಲೆಟ್‌ನ ಎಷ್ಟು ಉದ್ದವನ್ನು ನೆಕ್ ಅಪ್ಪಿಕೊಂಡಿದೆ. ಬುಶಿಂಗ್ ಮೇಲೆ ಕೊರೆದ ಸಂಖ್ಯೆ ಈ ನಾಲ್ಕರಲ್ಲಿ ಒಂದನ್ನೂ ಹೇಳುವುದಿಲ್ಲ.

ಈ ಹಿಡಿತಕ್ಕೆ ಯಾಕಿಷ್ಟು ಮಹತ್ವ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. .308 ವಿಂಚೆಸ್ಟರ್‌ಗೆ ಗರಿಷ್ಠ ಒತ್ತಡ 62,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ). ಅಷ್ಟು ಒತ್ತಡ ಬುಲೆಟ್‌ನ ಹಿಂಬದಿಯ ಮೇಲೆ ಬಿದ್ದಾಗ ಅದನ್ನು ತಳ್ಳುವ ಬಲ ಎರಡು ಸಾವಿರ ಕೆಜಿಯಷ್ಟಾಗುತ್ತದೆ. ನೆಕ್ಕಿನ ಹಿಡಿತ 25 ಕೆಜಿ ಅಂತ ಇಟ್ಟುಕೊಂಡರೂ ಅದರ ಮುಂದೆ ಅದು ಏನೂ ಅಲ್ಲ. ಆದರೆ ಮೊದಲ ಕ್ಷಣದ ಕಥೆ ಬೇರೆ. ಪ್ರೈಮರ್ ಸಿಡಿದು ಪೌಡರ್ ಆಗತಾನೇ ಹೊತ್ತಿಕೊಳ್ಳುತ್ತಿರುವಾಗ ಒಳಗಿನ ಒತ್ತಡ ಇನ್ನೂ ಕೆಲವು ನೂರು ಪಿಎಸ್‌ಐ. ಅದೇ 25 ಕೆಜಿಯ ಹಿಡಿತ ಬಿಡಲು ಸುಮಾರು 700 ಪಿಎಸ್‌ಐ ಬೇಕು. ಒಂದು ಕೇಸ್ ಬುಲೆಟ್ಟನ್ನು ಸ್ವಲ್ಪ ಬೇಗ ಬಿಟ್ಟರೆ ಪೌಡರ್ ಉರಿಯಲು ಜಾಗ ಬೇಗ ಹೆಚ್ಚುತ್ತದೆ. ಇನ್ನೊಂದು ತಡವಾಗಿ ಬಿಟ್ಟರೆ ಅದೇ ಪೌಡರ್ ಇಕ್ಕಟ್ಟಿನಲ್ಲಿ ಉರಿದು ಒತ್ತಡ ಬೇಗ ಏರುತ್ತದೆ. ಶುರುವಿನ ಈ ಸಣ್ಣ ವ್ಯತ್ಯಾಸ ನಳಿಗೆಯ ತುದಿಗೆ ಬರುವಷ್ಟರಲ್ಲಿ ಸೆಕೆಂಡಿಗೆ ಹತ್ತಾರು ಅಡಿ ವೇಗದ ವ್ಯತ್ಯಾಸ ಆಗಬಹುದು. ನೀವು ನೂರು ಮೀಟರಿನಲ್ಲಷ್ಟೇ ಹೊಡೆಯುವವರಾದರೆ ಈ 50 ಅಡಿಯ ಅಂತರ ಗುರಿಯ ಹಾಳೆಯ ಮೇಲೆ ಕಾಣುವುದೇ ಇಲ್ಲ, ತಲೆಕೆಡಿಸಿಕೊಳ್ಳಬೇಡಿ. ಸಾವಿರ ಗಜಕ್ಕೆ ಹೋದರೆ ಪ್ರತಿ 10 ಅಡಿಗೆ ಸುಮಾರು ಮೂರು ಇಂಚು ಮೇಲೆ ಕೆಳಗೆ ಆಗುತ್ತದೆ. ಅಲ್ಲಿ ಇದು ದೊಡ್ಡ ವಿಷಯ.

ಇದರಲ್ಲಿ ಒಂದು ಮಾತು ಮುಖ್ಯ. ಹಿಡಿತ ಜಾಸ್ತಿ ಇದ್ದರೂ ಪರವಾಗಿಲ್ಲ, ಕಮ್ಮಿ ಇದ್ದರೂ ಬಹಳ ಸಲ ನಡೆಯುತ್ತದೆ. ಒಂದೊಂದು ಕೇಸ್‌ನಲ್ಲಿ ಒಂದೊಂದು ಥರ ಇದ್ದರೆ ಮಾತ್ರ ನಡೆಯುವುದಿಲ್ಲ. ಬುಲೆಟ್ ಕೂರಿಸುವಾಗ ನಿಮ್ಮ ಕೈಗೆ ತಿಳಿದದ್ದು ಇದೇ.

ಈಗ ಆರನೇ ಸಲದ ವಿಷಯಕ್ಕೆ ಬರೋಣ. ಪ್ರತಿ ಸಲ ಗುಂಡು ಹಾರಿಸಿದಾಗ ನೆಕ್ ಚೇಂಬರಿನ (ನಳಿಗೆಯಲ್ಲಿ ಕಾರ್ಟ್ರಿಜ್ ಕೂರುವ ಜಾಗದ) ಗೋಡೆಯವರೆಗೆ ಹಿಗ್ಗುತ್ತದೆ. ನೀವು ಬುಶಿಂಗ್ ಇರುವ ಅಚ್ಚಿನಲ್ಲಿ, ಅಂದರೆ ಡೈಯಲ್ಲಿ, ಹಾಕಿ ಮತ್ತೆ ಕುಗ್ಗಿಸುತ್ತೀರಿ. ಬುಲೆಟ್ ಕೂರಿಸಿದಾಗ ಮತ್ತೆ ಹಿಗ್ಗುತ್ತದೆ. ತಂತಿಯನ್ನು ಒಂದೇ ಜಾಗದಲ್ಲಿ ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಗಟ್ಟಿಯಾಗಿ ಕೊನೆಗೆ ಮುರಿಯುತ್ತದಲ್ವಾ, ನೆಕ್ಕಿನಲ್ಲಿ ಆಗುವುದೂ ಅದೇ. ನೂರು ಕೇಸ್‌ಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದೂ ಇಲ್ಲ. ಗೋಡೆಯ ದಪ್ಪದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ, ಕೆಲವು ಕೇಸ್‌ಗಳನ್ನು ನೀವು ಮಧ್ಯೆ ಒಂದು ಸಲ ಬಳಸದೆ ಬಿಟ್ಟಿರುತ್ತೀರಿ, ಎಲ್ಲೋ ಒಂದೆರಡು ಎರಡು ಸಲ ಸೈಜ್ ಆಗಿರುತ್ತವೆ. ಹೊಸತಿನಲ್ಲಿ ಒಂದೇ ಹದದಲ್ಲಿದ್ದ ನೂರು ಕೇಸ್‌ಗಳು ಆರನೇ ಸಲದ ಹೊತ್ತಿಗೆ ಬೇರೆ ಬೇರೆ ಹದಕ್ಕೆ ಬಂದಿರುತ್ತವೆ.

ಗಟ್ಟಿಯಾದಂತೆ ಅಳತೆಯೂ ಮೋಸ ಮಾಡುತ್ತದೆ. ಬುಶಿಂಗ್ ಕುಗ್ಗಿಸಿದ ಮೇಲೆ ನೆಕ್ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಮೆದು ಹಿತ್ತಾಳೆ ಕಾಲು ಥೌ ಚಿಮ್ಮಿದರೆ ಗಟ್ಟಿಯಾದದ್ದು ಒಂದು ಥೌವರೆಗೂ ಚಿಮ್ಮಬಹುದು. ಹಾಗಾಗಿ ಅದೇ .335 ಬುಶಿಂಗ್‌ನಿಂದ ಒಂದು ಕೇಸ್ .3353 ಆಗಿ ಹೊರಬರುತ್ತದೆ, ಇನ್ನೊಂದು .336 ಆಗಿ. ನಿಮ್ಮ ಎರಡು ಥೌ ಒಂದರಲ್ಲಿ ಬಹುಪಾಲು ಉಳಿಯಿತು, ಇನ್ನೊಂದರಲ್ಲಿ ಅರ್ಧ ಹೋಯಿತು. ಅದರ ಮೇಲೆ ಆ ಎರಡನೆಯದು ಗಟ್ಟಿ ಬೇರೆ, ಹಿಡಿಯುವ ರೀತಿಯೇ ಬೇರೆ.

ಇದಕ್ಕೆ ಮದ್ದು ಅನೀಲಿಂಗ್. ನೆಕ್ ಮತ್ತು ಅದರ ಕೆಳಗೆ ಕೇಸ್ ಅಗಲವಾಗುವ ಭುಜದ ಭಾಗವನ್ನು ಕಾಯಿಸಿ ಮತ್ತೆ ಮೆದುವಾದ ಹದಕ್ಕೆ ತರುವುದು. ಇಂಡಕ್ಷನ್ ಯಂತ್ರಗಳಿವೆ, ಅವು ಪ್ರತಿ ಕೇಸ್‌ಗೂ ಒಂದೇ ಅಳತೆಯ ಶಾಖ ಕೊಡುತ್ತವೆ, ಬಹಳ ಚೆನ್ನಾಗಿವೆ. ಇಲ್ಲದಿದ್ದರೆ ಗ್ಯಾಸ್ ಟಾರ್ಚ್ ಸಾಕು. ಕೇಸನ್ನು ಡ್ರಿಲ್‌ಗೆ ಸಿಕ್ಕಿಸಿದ ಸಾಕೆಟ್‌ನಲ್ಲಿ ಇಟ್ಟು ನಿಧಾನವಾಗಿ ತಿರುಗಿಸುತ್ತಾ, ಜ್ವಾಲೆಯ ನೀಲಿ ತುದಿಯನ್ನು ನೆಕ್ ಮತ್ತು ಭುಜ ಸೇರುವ ಜಾಗಕ್ಕೆ ಹಿಡಿಯಬೇಕು. ಕೆಲವೇ ಸೆಕೆಂಡುಗಳ ಕೆಲಸ. ಎಷ್ಟು ಸೆಕೆಂಡು ಅನ್ನುವುದು ನಿಮ್ಮ ಟಾರ್ಚ್ ಮತ್ತು ಕೇಸ್ ಮೇಲೆ ಹೋಗುತ್ತದೆ. ಅದಕ್ಕೆ 750 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 400 ಸೆಲ್ಸಿಯಸ್‌ಗೆ ಕರಗುವ ತಾಪ ಸೂಚಕ ಬಣ್ಣವನ್ನು ನಾಲ್ಕೈದು ಹಳೆಯ ಕೇಸ್‌ಗಳ ನೆಕ್ ಒಳಗೆ ಹಚ್ಚಿ ಪ್ರಯೋಗ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಬಣ್ಣ ಇಲ್ಲದಿದ್ದರೆ ಕೋಣೆಯ ದೀಪ ಆರಿಸಿ ನೋಡಿ, ಅಂಚು ಮಂದವಾಗಿ ಕೆಂಪಾಗಲು ಶುರುವಾಗುತ್ತಿದೆ ಅನ್ನುವಾಗಲೇ ತೆಗೆದುಬಿಡಿ. ಧಗಧಗ ಕೆಂಪಾಗುವವರೆಗೆ ಬಿಟ್ಟರೆ ನೆಕ್ ಹಸಿ ಮಣ್ಣಿನಂತೆ ಮೆತ್ತಗಾಗುತ್ತದೆ, ಬುಲೆಟ್ಟನ್ನು ಹಿಡಿಯುವ ಶಕ್ತಿಯೇ ಇರುವುದಿಲ್ಲ. ಆಮೇಲೆ ನೀರಿಗೆ ಹಾಕಿದರೂ ಸರಿ, ಗಾಳಿಯಲ್ಲಿ ಆರಿಸಿದರೂ ಸರಿ. ಉಕ್ಕಿನ ಹಾಗೆ ಹಿತ್ತಾಳೆ ನೀರಿಗೆ ಬಿದ್ದರೆ ಗಟ್ಟಿಯಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಸ್‌ನ ತಳ ಮೆದುವಾಗಬಾರದು. ಅಷ್ಟೂ ಒತ್ತಡವನ್ನು ತಡೆಯುವುದು ಗಟ್ಟಿಯಾಗಿರುವ ಆ ತಳವೇ. ಅದು ಮೆತ್ತಗಾದರೆ ಕೇಸ್ ಒಡೆದು ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಬರುತ್ತದೆ. ಕೇಸ್‌ಗಳನ್ನು ಓವನ್‌ನಲ್ಲಿ ಇಟ್ಟು ಕಾಯಿಸುವವರನ್ನು ನೋಡಿದ್ದೇನೆ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ, ಇಡೀ ಕೇಸ್ ಒಟ್ಟಿಗೆ ಮೆದುವಾಗುತ್ತದೆ. ತಳಕ್ಕೆ ಶಾಖ ಹತ್ತಿದೆ ಅಂತ ಅನುಮಾನ ಬಂದರೂ ಸಾಕು, ಆ ಕೇಸನ್ನು ಜಜ್ಜಿ ಎಸೆಯಿರಿ. ಪ್ರೈಮರ್ ಇರುವ ಕೇಸನ್ನು ಬೆಂಕಿಯ ಹತ್ತಿರ ತರುವ ಮಾತೇ ಬೇಡ.

ಎಷ್ಟು ಸಲಕ್ಕೊಮ್ಮೆ ಮಾಡಬೇಕು? ಕೆಲವರು ಪ್ರತಿ ಸಲ, ಕೆಲವರು ಮೂರು ಸಲಕ್ಕೊಮ್ಮೆ. ಯಾವುದಾದರೂ ಒಂದನ್ನು ಹಿಡಿದು ಇಡೀ ಲಾಟ್‌ಗೆ ಒಟ್ಟಿಗೆ ಮಾಡಿ. ಐವತ್ತು ಮಾಡಿ ಐವತ್ತು ಬಿಟ್ಟು ಆಮೇಲೆ ಬೆರೆಸಿದರೆ, ಮಾಡದಿದ್ದರೇ ವಾಸಿ ಅನ್ನುವಷ್ಟು ಗೊಂದಲ ಆಗುತ್ತದೆ.

ಇನ್ನು ಆ ಹೊಳೆಯುವ ಕೇಸ್‌ಗಳು. ಗುಂಡು ಹಾರಿದ ಮೇಲೆ ನೆಕ್ಕಿನ ಒಳಗೆ ತೆಳ್ಳಗೆ ಮಸಿ ಉಳಿಯುತ್ತದೆ. ನೋಡಲು ಕೊಳೆ, ಆದರೆ ಬುಲೆಟ್ ಕೂರುವಾಗ ಅದೇ ಜಾರುವ ಪದರವಾಗಿ ಕೆಲಸ ಮಾಡುತ್ತದೆ. ಸ್ಟೀಲ್ ಪಿನ್ ಮತ್ತು ನೀರಿನ ಟಂಬ್ಲರ್ ಅದನ್ನು ಪೂರ್ತಿ ತೆಗೆದುಹಾಕಿ ಬೆತ್ತಲೆ ಲೋಹ ಉಳಿಸುತ್ತದೆ. ಬುಲೆಟ್‌ನ ಹೊದಿಕೆ ತಾಮ್ರದ ಮಿಶ್ರಲೋಹ, ನೆಕ್ ಹಿತ್ತಾಳೆ. ಒಂದೇ ಜಾತಿಯ ಎರಡು ಶುದ್ಧ ಲೋಹಗಳು ಬಿಗಿಯಾಗಿ ಉಜ್ಜಿಕೊಂಡರೆ ಅಲ್ಲಲ್ಲಿ ಕಚ್ಚಿಕೊಳ್ಳುತ್ತವೆ. ಒಂದು ಕೇಸ್‌ನಲ್ಲಿ ಕಚ್ಚುತ್ತದೆ, ಇನ್ನೊಂದರಲ್ಲಿ ಜಾರುತ್ತದೆ. ಟಂಬ್ಲರ್‌ನಲ್ಲಿ ಕೇಸ್‌ಗಳು ಒಂದಕ್ಕೊಂದು ಬಡಿದು ನೆಕ್ಕಿನ ಬಾಯಿಯ ಅಂಚೂ ಸಣ್ಣಗೆ ಮಡಚಿಕೊಳ್ಳುತ್ತದೆ. ಬೆರಳ ಉಗುರಿನಿಂದ ಒಳಗಿನಿಂದ ಹೊರಕ್ಕೆ ಎಳೆದು ನೋಡಿ, ತಡೆದರೆ ಅದೇ. ಆ ಅಂಚು ಬುಲೆಟ್‌ನ ಮೈಯನ್ನು ಹೆರೆಯುತ್ತದೆ.

ತುಂಬಿ ತುಂಬಾ ದಿನ ಇಟ್ಟರೆ ಇದು ಇನ್ನೂ ಕೆಡುತ್ತದೆ. ಹೀಗೇ ಥಳಥಳ ತೊಳೆದ ಕೇಸ್‌ಗಳಲ್ಲಿ ತುಂಬಿ ವರ್ಷದ ಮೇಲೆ ಇಟ್ಟಿದ್ದ ಒಂದಿಷ್ಟು ಕಾರ್ಟ್ರಿಜ್‌ಗಳ ಬುಲೆಟ್ ತೆಗೆಯಲು ಒಮ್ಮೆ ಕೂತಿದ್ದೆ. ಸಾಮಾನ್ಯವಾಗಿ ಪುಲ್ಲರ್ ಸುತ್ತಿಗೆಯ ಎರಡು ಮೂರು ಏಟಿಗೆ ಬರುವ ಬುಲೆಟ್ ಹತ್ತು ಏಟಿಗೂ ಬರಲಿಲ್ಲ. ಬುಲೆಟ್ ಕೂರಿಸುವ ಸೀಟಿಂಗ್ ಡೈಯಲ್ಲಿ ಇಟ್ಟು ಕೂದಲೆಳೆಯಷ್ಟು ಒಳಕ್ಕೆ ತಳ್ಳಿದಾಗ "ಟಕ್" ಅಂತ ಸಣ್ಣ ಶಬ್ದ ಬಂತು, ಆಮೇಲೆ ಸುಲಭವಾಗಿ ಬಿಟ್ಟಿತು. ಅಂದರೆ ಬುಲೆಟ್ ಮತ್ತು ನೆಕ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅದೇ ಡಬ್ಬಿಯ ಬೇರೆ ಕೆಲವು ಆರಾಮವಾಗಿ ಬಂದವು. ಬುಶಿಂಗ್ ಎಲ್ಲಕ್ಕೂ ಒಂದೇ. ಅವತ್ತಿನಿಂದ ನಾನು ಬುಶಿಂಗ್‌ನ ಸಂಖ್ಯೆಗಿಂತ ನೆಕ್ಕಿನ ಒಳಮೈಗೆ ಜಾಸ್ತಿ ಗಮನ ಕೊಡುತ್ತೇನೆ.

ಟಂಬ್ಲರ್ ಮಾರಿಬಿಡಿ ಅಂತ ಹೇಳುತ್ತಿಲ್ಲ. ಬಳಸಿ, ಆದರೆ ಆಮೇಲೆ ನೆಕ್ಕಿಗೆ ಜಾರುವ ಪದರ ವಾಪಸ್ ಕೊಡಿ. ಗ್ರಾಫೈಟ್ ಪುಡಿಯಲ್ಲಿ ಅದ್ದಿದ ನೈಲಾನ್ ಬ್ರಷ್ಷನ್ನು ಪ್ರತಿ ನೆಕ್ಕಿನೊಳಗೆ ಎರಡು ಸಲ ಆಡಿಸಿದರೆ ಸಾಕು. ಎಣ್ಣೆ ಬೇಡ, ಪೌಡರ್ ಕೆಡುತ್ತದೆ. ನನಗಂತೂ ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಒಣದಾಗಿ ಉರುಳಿಸುವುದೇ ಇಷ್ಟ. ಕೇಸ್ ಅಷ್ಟೇನೂ ಹೊಳೆಯುವುದಿಲ್ಲ, ಆದರೆ ನೆಕ್ಕಿನ ಒಳಗಿನ ಮಸಿ ಸ್ವಲ್ಪ ಉಳಿಯುತ್ತದೆ. ಎಲ್ಲ ಕೇಸ್‌ಗಳಲ್ಲೂ ಹೆಚ್ಚುಕಮ್ಮಿ ಒಂದೇ ಥರ ಉಳಿಯುತ್ತದೆ. ನೈಲಾನ್ ಬ್ರಷ್ ಒಂದು ಸಲ ಆಡಿಸಿದರೆ ಮುಗಿಯಿತು.

ಹದ ಸರಿಯಾಯಿತು, ಒಳಮೈ ಸರಿಯಾಯಿತು. ಈಗ ಅಳತೆ. ನೀವು ಬರೀ ಬುಶಿಂಗ್ ಬಳಸುತ್ತಿದ್ದೀರೋ, ಜೊತೆಗೆ ನೆಕ್ಕನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಬಾಲ್ ಕೂಡ ಇದೆಯೋ ಬರೆದಿಲ್ಲ. ಬಾಲ್ ಇದ್ದರೆ ನೀವು ಬುಶಿಂಗ್ ಬದಲಿಸಿದ್ದಕ್ಕೆ ಅರ್ಥವೇ ಇರಲಿಲ್ಲ, ಯಾಕೆಂದರೆ ಕೊನೆಯ ಅಳತೆ ಕೊಡುವುದು ಬಾಲ್. ಅದು ಕೆಳಗಿನಿಂದ ಮೇಲಕ್ಕೆ ನೆಕ್ಕನ್ನು ಎಳೆಯುತ್ತಾ ಬರುವುದರಿಂದ, ಜಾರದಿದ್ದರೆ ನೆಕ್ ಓರೆಯಾಗುತ್ತದೆ, ಕೇಸ್ ಉದ್ದವಾಗುತ್ತದೆ. ಬಾಲ್ ಇಲ್ಲದೆ ಬರೀ ಬುಶಿಂಗ್ ಆದರೆ ಬೇರೆ ತೊಂದರೆ. ಬುಶಿಂಗ್ ಹೊರಮೈಯನ್ನು ಮಾತ್ರ ದುಂಡಗೆ ಮಾಡುತ್ತದೆ. ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ಆ ಏರುಪೇರು ಪೂರ್ತಿ ಒಳಗೆ, ಬುಲೆಟ್ ಕೂರುವ ಜಾಗಕ್ಕೇ ಹೋಗುತ್ತದೆ.

ನನ್ನ ಸಲಹೆ ಮ್ಯಾಂಡ್ರೆಲ್, ಅಂದರೆ ನಿಖರ ಅಳತೆಯ ದುಂಡು ಲೋಹದ ಕಡ್ಡಿ. ಬುಶಿಂಗ್‌ನಲ್ಲಿ ಬೇಕಾದ್ದಕ್ಕಿಂತ ಒಂದೆರಡು ಥೌ ಜಾಸ್ತಿ ಕುಗ್ಗಿಸಿ, ಆಮೇಲೆ ಬೇರೆಯಾಗಿ ಮ್ಯಾಂಡ್ರೆಲ್ ಅನ್ನು ಮೇಲಿನಿಂದ ಒಳಕ್ಕೆ ತಳ್ಳಿ ನೆಕ್ಕನ್ನು ಬೇಕಾದ ಅಳತೆಗೆ ತೆರೆಯಿರಿ. ಏರುಪೇರು ಹೊರಕ್ಕೆ ಹೋಗುತ್ತದೆ, ಒಳಗಿನ ತೂತು ದುಂಡಗೆ ಉಳಿಯುತ್ತದೆ. ಗಮನದಲ್ಲಿಡಿ, ಮ್ಯಾಂಡ್ರೆಲ್ ತೆಗೆದ ಮೇಲೆ ನೆಕ್ ಚಿಮ್ಮುವುದು ಒಳಮುಖವಾಗಿ. ಅಂದರೆ ತೂತು ಮ್ಯಾಂಡ್ರೆಲ್‌ಗಿಂತ ಅರ್ಧ ಥೌ, ಗಟ್ಟಿ ಹಿತ್ತಾಳೆಯಲ್ಲಿ ಒಂದು ಥೌವರೆಗೂ ಸಣ್ಣದಾಗುತ್ತದೆ. .3065 ಮ್ಯಾಂಡ್ರೆಲ್ ಬಳಸಿದರೆ ನಿಮಗೆ ಹತ್ತಿರ ಹತ್ತಿರ ಎರಡು ಥೌ ಸಿಗುತ್ತದೆ. ಇನ್ನೊಂದು ಸಣ್ಣ ಮಾತು: ಬುಶಿಂಗ್‌ನಲ್ಲಿ ಒಂದೇ ಏಟಿಗೆ ಐದು ಥೌಗಿಂತ ಜಾಸ್ತಿ ಕುಗ್ಗಿಸಬೇಕಾಗಿ ಬಂದರೆ ಎರಡು ಬುಶಿಂಗ್ ಇಟ್ಟುಕೊಂಡು ಎರಡು ಹಂತದಲ್ಲಿ ಮಾಡಿ, ಇಲ್ಲದಿದ್ದರೆ ನೆಕ್ ನೆಟ್ಟಗೆ ಬರುವುದಿಲ್ಲ.

ಅಳೆಯುವಾಗ ಕ್ಯಾಲಿಪರ್ ನಂಬಬೇಡಿ. ಅದರ ಒಳದವಡೆಗಳ ಅಂಚು ಚಪ್ಪಟೆ, ದುಂಡು ತೂತಿನಲ್ಲಿ ಯಾವಾಗಲೂ ಕಮ್ಮಿ ತೋರಿಸುತ್ತದೆ. ನಾವು ಮಾತಾಡುತ್ತಿರುವುದೋ ಅರ್ಧ ಥೌ ಲೆಕ್ಕ. ಹೊರಗಿನದಕ್ಕೆ ಮೈಕ್ರೋಮೀಟರ್, ಒಳಗಿನದಕ್ಕೆ ಪಿನ್ ಗೇಜ್, ಅಂದರೆ ತೂತಿಗೆ ಹಾಕಿ ನೋಡುವ ಗೊತ್ತಾದ ದಪ್ಪದ ಕಡ್ಡಿಗಳು. .305ರಿಂದ .308ರವರೆಗೆ ಅರ್ಧ ಥೌ ಅಂತರದಲ್ಲಿ ಏಳು ಪಿನ್ ಇದ್ದರೆ ಈ ಕೆಲಸ ಪೂರ್ತಿ ಆಗುತ್ತದೆ.

ಡೋನಟ್ ಅನ್ನುವುದೊಂದಿದೆ, ನೆಕ್ ಮತ್ತು ಭುಜ ಸೇರುವ ಜಾಗದಲ್ಲಿ ಒಳಗೆ ಉಂಗುರದಂತೆ ದಪ್ಪವಾಗುವುದು. ನಿಮ್ಮ ಬುಲೆಟ್ ಅಷ್ಟು ಕೆಳಗೆ ಕೂರದಿದ್ದರೆ ಬಿಟ್ಟುಬಿಡಿ. ಕೂರುವುದಾದರೆ, ಬುಲೆಟ್ ಇಳಿಯುವಾಗ ಕೊನೆಯಲ್ಲಿ ಇದ್ದಕ್ಕಿದ್ದಂತೆ ತಡೆದಂತಾಗುತ್ತದೆ, ಆಗ ಅದನ್ನು ರೀಮರ್‌ನಿಂದ ಕೆರೆದು ತೆಗೆಯಬೇಕು.

ಸರಿ, "ಎಷ್ಟು?" ಅನ್ನುವ ನಿಮ್ಮ ಪ್ರಶ್ನೆ. ಹದವೂ ಒಳಮೈಯೂ ಒಂದೇ ಥರ ಇದೆ ಅಂತ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮಂಥ ಮ್ಯಾಗಜಿನ್ ಇರುವ ಬೋಲ್ಟ್ ರೈಫಲ್‌ಗೆ ಎರಡು ಥೌ. ಒಂದೊಂದೇ ಗುಂಡನ್ನು ಕೈಯಿಂದ ಚೇಂಬರಿಗೆ ಹಾಕುವವರಾದರೆ ಒಂದಕ್ಕೂ ಇಳಿಯಬಹುದು. ಸೆಮಿ ಆಟೋ ರೈಫಲ್‌ಗೆ ಮೂರು, ಯಾಕೆಂದರೆ ಅದು ಗುಂಡನ್ನು ಮ್ಯಾಗಜಿನ್‌ನಿಂದ ಒದ್ದು ಒಳಗೆ ಹಾಕುತ್ತದೆ. ಆ ಹೊಡೆತಕ್ಕೆ ಬುಲೆಟ್ ಕೇಸ್‌ನೊಳಗೆ ಕುಸಿದರೆ ಜಾಗ ಕಮ್ಮಿಯಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಟ್ಯೂಬ್ ಮ್ಯಾಗಜಿನ್ ಇರುವ ಲಿವರ್ ರೈಫಲ್ಲು, ಭಾರಿ ಒದೆತದ ದೊಡ್ಡ ಕ್ಯಾಲಿಬರು, ಇವಕ್ಕೆ ಕ್ರಿಂಪ್ ಬೇಕು, ಅಂದರೆ ನೆಕ್ಕಿನ ಬಾಯಿಯನ್ನು ಬುಲೆಟ್ ಮೇಲೆ ಒಳಕ್ಕೆ ಒತ್ತಬೇಕು, ಅದೂ ಅದಕ್ಕೆಂದೇ ಸುತ್ತಲೂ ಗೀರು ಕೊರೆದ ಬುಲೆಟ್‌ಗೆ. ಆದರೆ ಸಡಿಲವಾದ ನೆಕ್ಕನ್ನು ಕ್ರಿಂಪ್ ಹಾಕಿ ಸರಿಮಾಡಲು ಹೋಗಬೇಡಿ.

ಬೆಂಚ್‌ರೆಸ್ಟ್ (ರೈಫಲನ್ನು ಬೆಂಚಿನ ಮೇಲಿಟ್ಟು ಗುರಿ ಹೊಡೆಯುವ) ಸ್ಪರ್ಧಿಗಳ ಮಾತು ಕೇಳಿ ಗೊಂದಲ ಮಾಡಿಕೊಳ್ಳುವುದೂ ಬೇಡ. ಅವರಲ್ಲಿ ಕೆಲವರು ಬುಲೆಟ್ ಬೆರಳಲ್ಲೇ ಅಲ್ಲಾಡುವಷ್ಟು ಸಡಿಲ ಇಟ್ಟು, ಬೋಲ್ಟ್ ಮುಚ್ಚುವಾಗ ನಳಿಗೆಯೊಳಗಿನ ರೈಫಲಿಂಗ್ ಗೆರೆಗಳೇ ಬುಲೆಟ್ಟನ್ನು ಅದರ ಜಾಗಕ್ಕೆ ತಳ್ಳುವ ಹಾಗೆ ಮಾಡುತ್ತಾರೆ. ಅದೇ ಆಟದಲ್ಲಿ 6 ಪಿಪಿಸಿ ಕಾರ್ಟ್ರಿಜ್ ಬಳಸುವ ಎಷ್ಟೋ ಜನ ವಿಹ್ಟಾವೂರಿ ಎನ್133 ಪೌಡರ್ ಜೊತೆ ಬಿಗಿ ನೆಕ್ ಇಷ್ಟಪಡುತ್ತಾರೆ. ಇಬ್ಬರೂ ಗೆಲ್ಲುತ್ತಾರೆ. ಸಡಿಲ ಇಟ್ಟವರು ಹಾರಿಸದ ಗುಂಡನ್ನು ವಾಪಸ್ ತೆಗೆಯಲು ಹೋದರೆ ಬುಲೆಟ್ ನಳಿಗೆಯಲ್ಲೇ ಸಿಕ್ಕಿಕೊಂಡು ಪೌಡರ್ ಎಲ್ಲ ಆಕ್ಷನ್ನೊಳಗೆ ಚೆಲ್ಲುತ್ತದೆ. ಬೆಂಚಿನ ಮೇಲೆ ಅದು ಸಣ್ಣ ಕಿರಿಕಿರಿ, ಬೇಟೆಗೋ ಬೇರೆ ಸ್ಪರ್ಧೆಗೋ ಹೋದಾಗ ದೊಡ್ಡ ತೊಂದರೆ.

ಬುಲೆಟ್ ಕುಸಿಯುತ್ತಿದೆಯೇ ಅಂತ ಪರೀಕ್ಷಿಸುವುದು ಸುಲಭ. ಪೌಡರ್, ಪ್ರೈಮರ್ ಎರಡೂ ಇಲ್ಲದ ಡಮ್ಮಿ ಮಾಡಿ ಉದ್ದ ಅಳೆಯಿರಿ. ಮ್ಯಾಗಜಿನ್‌ನಿಂದ ನಾಲ್ಕೈದು ಸಲ ಚೇಂಬರಿಗೆ ಹಾಕಿ ತೆಗೆದು ಮತ್ತೆ ಅಳೆಯಿರಿ. ಉದ್ದ ಬದಲಾಗದಿದ್ದರೆ ಹಿಡಿತ ಸಾಕು. ಬದಲಾಗಿದ್ದರೆ ಗುರಿಯ ಹಾಳೆಯ ಮೇಲೆ ಎಷ್ಟೇ ಒಳ್ಳೆಯ ಗುಂಪು ಬಂದರೂ ಆ ಹಿಡಿತದಲ್ಲಿ ತುಂಬಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಖಾಲಿ ಕೇಸ್‌ಗಳ ನೆಕ್ಕನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬಾಯಿಯಿಂದ ಉದ್ದಕ್ಕೆ ಸಣ್ಣ ಬಿರುಕು ಕಂಡರೆ ಆ ಕೇಸ್‌ನ ಆಯಸ್ಸು ಮುಗಿಯಿತು, ಅನೀಲಿಂಗ್ ಅದನ್ನು ಬದುಕಿಸುವುದಿಲ್ಲ. ಉಳಿದವನ್ನು ಎಲ್ಲ ಒಟ್ಟಿಗೆ ಅನೀಲ್ ಮಾಡಿ, .335 ಬುಶಿಂಗನ್ನೇ ವಾಪಸ್ ಹಾಕಿ (ಮ್ಯಾಂಡ್ರೆಲ್ ಬಂದ ಮೇಲೆ .333ಗೂ ಕೆಲಸ ಸಿಗುತ್ತದೆ), ಬಾಯಿಯ ಅಂಚನ್ನು ಚಾಂಫರ್ ಮಾಡಿ (ಓರೆಯಾಗಿ ಕೆರೆದು ನಯ ಮಾಡಿ), ಗ್ರಾಫೈಟ್ ಹಚ್ಚಿ, ಇಪ್ಪತ್ತು ತುಂಬುತ್ತಿದ್ದೆ. ಕೂರಿಸುವಾಗ ಕೈಗೆ ಬೇರೆ ಅನ್ನಿಸಿದ್ದನ್ನು ಪಕ್ಕಕ್ಕಿಟ್ಟು ಗುರುತು ಹಾಕುತ್ತಿದ್ದೆ. ಆರ್ಬರ್ ಪ್ರೆಸ್ ಮತ್ತು ಒತ್ತುವ ಬಲ ತೋರಿಸುವ ಗೇಜ್ ಇದ್ದರೆ ಒಳ್ಳೆಯದು, ಆದರೆ ಶುರುವಿಗೆ ಕೈ ಸಾಕು. ಒಂದು ಮಾತು, ಕೂರಿಸಲು ಬೇಕಾದ ಬಲವೂ ಬಿಡಿಸಲು ಬೇಕಾದ ಬಲವೂ ಒಂದೇ ಅಲ್ಲ. ಗೇಜ್ ಹೇಳುವುದು ಯಾವ ಕೇಸ್ ಗುಂಪಿಗೆ ಸೇರಿಲ್ಲ ಅನ್ನುವುದನ್ನು ಮಾತ್ರ. ಆಮೇಲೆ ಹತ್ತು ಹತ್ತರ ಎರಡು ಗುಂಪು ಕ್ರೋನೋಗ್ರಾಫ್ ಮೇಲೆ ಹಾರಿಸಿ ನೋಡಿ. ಮೂರು ಗುಂಡು ಹಾರಿಸಿ ತೀರ್ಮಾನಕ್ಕೆ ಬರಬೇಡಿ, ಮೂರರಲ್ಲಿ ಸಣ್ಣ ಅಂತರ ಬರುವುದು ಬರೀ ಅದೃಷ್ಟ ಇರಬಹುದು.

ಇಷ್ಟೆಲ್ಲ ಬದಲಿಸಿದ ಮೇಲೆ ಹಳೆಯ ಪೌಡರ್ ತೂಕವನ್ನೇ ನೇರವಾಗಿ ಬಳಸಬೇಡಿ. ಹಿಡಿತ ಬದಲಾದರೆ ಒತ್ತಡವೂ ಬದಲಾಗುತ್ತದೆ. ಲೋಡಿಂಗ್ ಕೈಪಿಡಿಯ ಆರಂಭದ ತೂಕದಿಂದ ಮತ್ತೆ ಹಂತ ಹಂತವಾಗಿ ಮೇಲೆ ಬನ್ನಿ.

ಕೊನೆಗೆ ಆ ನಲವತ್ತು ಕಾರ್ಟ್ರಿಜ್. ನಿಮ್ಮ ಪೌಡರ್ ತೂಕ ಕೈಪಿಡಿಯ ಗರಿಷ್ಠಕ್ಕಿಂತ ಚೆನ್ನಾಗಿ ಕೆಳಗಿದ್ದು, ಬುಲೆಟ್ ರೈಫಲಿಂಗ್‌ಗೆ ತಾಗದೆ ಇದ್ದು, ತುಂಬಿ ಕೆಲವೇ ವಾರ ಆಗಿದ್ದರೆ ಹತ್ತಿರದ ಗುರಿಗೆ ಅಭ್ಯಾಸಕ್ಕೆ ಹಾರಿಸಿ ಮುಗಿಸಿ. ಗರಿಷ್ಠದ ಹತ್ತಿರ ಇದ್ದರೆ, ಅಥವಾ ಇಟ್ಟು ತಿಂಗಳುಗಟ್ಟಲೆ ಆಗಿದ್ದರೆ, ಬುಲೆಟ್ ಎಳೆದುಬಿಡಿ. ಎಳೆದ ಮೇಲೆ ಹಾಗೇ ಇನ್ನೊಂದು ಬುಲೆಟ್ ಕೂರಿಸಲು ಹೋಗಬೇಡಿ, ನೆಕ್ ಆಗಲೇ ಹಿಗ್ಗಿರುತ್ತದೆ. ಮತ್ತೊಮ್ಮೆ ಬುಶಿಂಗ್‌ನಲ್ಲಿ ಹಾಕಬೇಕು. ಪ್ರೈಮರ್ ಇನ್ನೂ ಜೀವಂತ ಇರುವುದರಿಂದ ಡೈಯ ಒಳಗಿನ ಪ್ರೈಮರ್ ತಳ್ಳುವ ಕಡ್ಡಿಯನ್ನು ಮೊದಲೇ ಬಿಚ್ಚಿಡಿ. ಕನ್ನಡಕ ಹಾಕಿಕೊಳ್ಳಿ, ಹಿಡಿಕೆಯನ್ನು ನಿಧಾನವಾಗಿ ಎಳೆಯಿರಿ. ಎಳೆದ ಬುಲೆಟ್‌ನ ಮೈಮೇಲೆ ಉದ್ದುದ್ದ ಗೀರು ಕಂಡರೆ ಒಂದೆರಡನ್ನು ಎಸೆಯದೆ ಎತ್ತಿಡಿ. ಚಾಂಫರ್ ಮಾಡಿ ಗ್ರಾಫೈಟ್ ಹಚ್ಚಿದ ಕೇಸ್‌ನಿಂದ ಎಳೆದ ಬುಲೆಟ್ ಪಕ್ಕದಲ್ಲಿಟ್ಟು ನೋಡಿದರೆ ಆ ಟಂಬ್ಲರ್ ಏನು ಮಾಡುತ್ತಿತ್ತು ಅಂತ ಬರಿಗಣ್ಣಿಗೇ ಕಾಣುತ್ತದೆ.